ಬೋರ್ಡು ತಲೆಕೆಳಗಾದ ಮೇಲೆ

ಜನವರಿ 9

ಅತ್ತೆ,

ಕಾಗದ ಓದುವಾಗ ಕೂತಿದ್ದೀರಿ ತಾನೆ? ನಿಂತಿದ್ದರೆ ಮೊದಲು ಕುರ್ಚಿ ಎಳೆದುಕೊಳ್ಳಿ. ನಮ್ಮ ನಾಯಕಿ ಬಂದ ರೈಲಿಗೇ ವಾಪಸು ಹೋದರು. ಬಂದರಿನ ಚಳಿ, ಮೀನಿನ ವಾಸನೆ, ಕುಳಿತುಕೊಳ್ಳಲು ಒಂದು ಕೋಣೆಯೂ ಇಲ್ಲ. "ಮೇಕಪ್ಪು ಎಲ್ಲಿ ಹಾಕ್ಕೊಳ್ಳಲಿ, ಮೀನಿನ ಬುಟ್ಟಿ ಮೇಲಾ?" ಎಂದರು. ಬುಟ್ಟಿ ತೊಳೆಸಿ ಕೊಡುತ್ತೇನೆ ಎಂದೆ. ಅದು ತಮಾಷೆ ಎಂದು ಅವರಿಗೆ ಗೊತ್ತಾಗಲಿಲ್ಲ.

ನಿಜ ಹೇಳಲಾ? ನನಗೆ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಕಥೆ ನಿಮಗೆ ಗೊತ್ತೇ ಇದೆ. ಯುದ್ಧ ಮುಗಿದಿದೆ, ಗಂಡಸರನ್ನು ವಾಪಸು ತರುವ ಕಡೆಯ ಹಡಗು ಬರುವ ದಿನ, ಒಬ್ಬಳು ಗಂಡನಿಗಾಗಿ ಕಾಯುತ್ತಾಳೆ. ಹಡಗು ಬರುತ್ತದೆ, ಅವನು ಬರುವುದಿಲ್ಲ. ಅಷ್ಟು ದಿನ ಕಾದವಳ ಹುಬ್ಬು ತಿದ್ದಿ ತೀಡಿದ ಹಾಗಿದ್ದರೆ ಯಾರು ನಂಬುತ್ತಾರೆ? ಇಲ್ಲಿ ಹಾಯಿ, ಟಾರ್ಪಾಲು ಹೊಲಿಯುವ ಒಂದು ಶೆಡ್ಡಿದೆ. ಅಲ್ಲಿ ಒಬ್ಬಾಕೆ ಕೆಲಸ ಮಾಡುತ್ತಾಳೆ, ಎಲ್ಲರೂ ಹೊಲಿಗೆಯಕ್ಕ ಎನ್ನುತ್ತಾರೆ. ಅವಳೇ ಈಗ ನಮ್ಮ ನಾಯಕಿ. ಬೈಯಬೇಡಿ. ಬೈಯುವುದಿದ್ದರೆ ರೀಲು ನೋಡಿದ ಮೇಲೆ ಬೈಯಿರಿ.

ಕ್ಯಾಮೆರಾಮನ್ ಅಣ್ಣ ಯುದ್ಧದಲ್ಲಿ ವಾರ್ತಾಚಿತ್ರ ತೆಗೆದ ಅದೇ ಪುಟ್ಟ ಕ್ಯಾಮೆರಾವನ್ನು ಹೆಗಲ ಮೇಲೆ ಹೊತ್ತು ನಡೆಯುತ್ತಾರೆ. ಅವರಿಗೆ ಸ್ಟ್ಯಾಂಡು ಕಂಡರೆ ಆಗದು. ಲೈಟಿಲ್ಲ, ಸೆಟ್ಟಿಲ್ಲ. ಮಾತೆಲ್ಲ ಆಮೇಲೆ ಸ್ಟುಡಿಯೊದಲ್ಲಿ ಸೇರಿಸಿದರಾಯಿತು. ಹೊಲಿಗೆಯಕ್ಕ ಕ್ಲಾಪ್ ಬೋರ್ಡಿನ ಸದ್ದಿಗೆ ಬೆಚ್ಚಿಬೀಳುತ್ತಾಳೆ, ಅದಕ್ಕೆ ಶಾಟ್‌ನ ಮೊದಲು ಬೋರ್ಡು ಹಿಡಿಯದೆ, ಮುಗಿದಾಗ ತಲೆಕೆಳಗೆ ಹಿಡಿಯುತ್ತಿದ್ದೇವೆ.

ರೀಲು ಇವತ್ತಿನ ರೈಲಿಗೆ ಹಾಕಿದ್ದೇನೆ. ಇಲ್ಲಿ ತೊಳೆಯಲು ಲ್ಯಾಬಿಲ್ಲ, ನೋಡಲು ಪರದೆಯಿಲ್ಲ. ನಾನು ಏನು ತೆಗೆದಿದ್ದೇನೆಂದು ನೀವು ಬರೆದರೇ ನನಗೆ ಗೊತ್ತಾಗುವುದು. ನಿಮ್ಮ ಎಡಿಟಿಂಗ್ ಮೇಜಿನ ಕೆಳಗೆ ಆಡಿ ಬೆಳೆದವಳ ಮೇಲೆ ಸ್ವಲ್ಪ ಕರುಣೆಯಿರಲಿ.

ನಿಮ್ಮ ಗುಬ್ಬಿ

ಜನವರಿ 17

ಗುಬ್ಬೀ,

ಕೂತೇ ಓದಿದೆ. ಓದಿ ಎದ್ದು ನಿಂತೆ. ನಾಯಕಿಯನ್ನು ಕಳಿಸಿ ದರ್ಜಿಯನ್ನು ನಿಲ್ಲಿಸುತ್ತಾರೇನೇ? ಆ ನಾಯಕಿಯ ಮುಖ ನೋಡಿ ಸ್ಟುಡಿಯೊ ಯಜಮಾನರು ಫಿಲ್ಮು ಕೊಟ್ಟದ್ದು, ನಿನ್ನ ಮುಖ ನೋಡಿ ಅಲ್ಲ. ಆಫೀಸಿನಲ್ಲಿ ಆ ಸುದ್ದಿ ನಿನ್ನ ಕಾಗದಕ್ಕಿಂತ ಮೊದಲೇ ಬಂದು ಕೂತಿತ್ತು.

ರೀಲು ಬಂತು, ತೊಳೆಸಿ ನೋಡಿದೆ. ಕೇಳು. ಚಿತ್ರ ನಡುಗುತ್ತದೆ. ನಿನ್ನ ಕ್ಯಾಮೆರಾಮನ್ ಅಣ್ಣನಿಗೆ ಜ್ವರವೇನು? ದಾರಿಹೋಕರು ಕ್ಯಾಮೆರಾ ಕಡೆ ತಿರುಗಿ ಹಲ್ಲು ಬಿಡುತ್ತಾರೆ. ಕಿಟಕಿಯಿಂದ ಬಿಸಿಲು ನುಗ್ಗಿ ಅರ್ಧ ಶೆಡ್ಡು ಬೆಳ್ಳಗಾಗಿದೆ. ಅದೆಲ್ಲ ಹೋಗಲಿ, ಆ ಹೆಂಗಸು! ನಿಲ್ಲು ಅಂದರೆ ಕಂಬ, ಕೂರು ಅಂದರೆ ಮೂಟೆ. ಗಂಡನ ಕೋಟು ಎದೆಗೆ ಅವಚಿಕೊಂಡು ಅಳಬೇಕಾದ ಕಡೆ, ಯಾರದೋ ಮಗುವನ್ನು ಸ್ವಲ್ಪ ಹೊತ್ತು ಹಿಡಿದುಕೊಂಡವಳ ಹಾಗೆ ನಿಂತಿದ್ದಾಳೆ.

ನನ್ನ ಕೆಲಸ ನಾನು ಮಾಡಿದ್ದೇನೆ. ತಲೆಕೆಳಗಾದ ಬೋರ್ಡು ಬಂತೋ, ನನ್ನ ಕತ್ತರಿ ಬಿತ್ತು. ನಿನಗೆ ಗೊತ್ತಲ್ಲ, ಬೋರ್ಡಿನಾಚೆಯ ಬಾಲ ಕತ್ತರಿಸಿ ಶುದ್ಧ ಮಾಡದ ಫಿಲ್ಮನ್ನು ನಾನು ಯಂತ್ರಕ್ಕೆ ಏರಿಸುವವಳಲ್ಲ. ಶಾಟ್‌ಗಳನ್ನು ಜೋಡಿಸಿದ್ದೇನೆ. ಕತ್ತರಿ ಎಲ್ಲಿ ಬಿತ್ತೆಂದು ಕತ್ತರಿಗೂ ತಿಳಿಯದ ಹಾಗೆ ಜೋಡಿಸುವುದು ನನ್ನ ಹಟ. ಆದರೆ ಜೋಡಿಸಲು ಏನಾದರೂ ಇರಬೇಕಲ್ಲ.

ನಿನ್ನಪ್ಪ ಮುನಿಸಿಕೊಂಡಿದ್ದಾನೆ. "ನಾನು ಬಣ್ಣ ಬಳಿದು ನಿಲ್ಸಿರೋ ಸೆಟ್ಟಿನ ಬೀದಿ ಇಲ್ಲೇ ಇದೆ, ಅವಳಿಗೆ ಅದು ಸಾಲಲ್ವಂತೆ" ಎಂದು ಸ್ಟುಡಿಯೊದಲ್ಲಿ ಸಿಕ್ಕಸಿಕ್ಕವರಿಗೆ ಹೇಳುತ್ತಿದ್ದಾನೆ. ಕಾಸ್ಟ್ಯೂಮ್ ಮೇಸ್ಟ್ರು ದಿನಾ ಬಂದು ಆ ಕೋಟು ಯಾವಾಗ ವಾಪಸು ಎಂದು ಕೇಳುತ್ತಾರೆ. ಒಳ್ಳೆಯ ಉಣ್ಣೆಯಂತೆ. ಜೋಪಾನ.

ಬೆಚ್ಚಗೆ ಹೊದ್ದುಕೊ.

ಅತ್ತೆ

ಜನವರಿ 25

ಅತ್ತೆ,

ನಿಮ್ಮ ಕಾಗದ ಓದಿ, ಇನ್ನೊಮ್ಮೆ ಓದಿ, ಕ್ಯಾಮೆರಾಮನ್ ಅಣ್ಣನಿಗೂ ಓದಿ ಹೇಳಿದೆ. ಅವರು "ಜ್ವರ ಇಲ್ಲ ಅಂತ ಬರೀ" ಎಂದರು. ಅಷ್ಟೇ.

ನನಗೆ ಅರ್ಥವಾಗುತ್ತಿಲ್ಲ. ನಡುಗುವುದು, ಬಿಸಿಲು, ಹಲ್ಲು ಬಿಡುವವರು, ಎಲ್ಲ ಒಪ್ಪುತ್ತೇನೆ. ಅವು ಇರಲೆಂದೇ ಬಿಟ್ಟದ್ದು. ಆದರೆ ಹೊಲಿಗೆಯಕ್ಕನಲ್ಲಿ ನಿಮಗೆ ಏನೂ ಕಾಣಲಿಲ್ಲವೇ? ಏನೂ? ನಿಮ್ಮ ಕಣ್ಣು ತಪ್ಪಿಸಿ ಒಂದು ಸೊಳ್ಳೆಯೂ ಫಿಲ್ಮಿನ ಮೇಲೆ ಕೂರಲಾರದು ಎಂದು ನಂಬಿದವಳು ನಾನು. ದಯವಿಟ್ಟು ಇನ್ನೊಂದು ಸಲ ನೋಡಿ. ಕೊನೆಯವರೆಗೂ ನೋಡಿ. ಕೊನೆ ಎಂದರೆ ಕೊನೆ. ಇದಕ್ಕಿಂತ ಬಿಡಿಸಿ ಬರೆಯಲಾರೆ. ಅಡಿ ಅಡಿ ಫಿಲ್ಮಿಗೂ ಲೆಕ್ಕ ಕೇಳುವ ಆಫೀಸಿನವರು ಕಾಗದ ಒಡೆದು ನೋಡಿಯೇ ನಿಮ್ಮ ಕೈಗೆ ಕೊಡುವುದು ನನಗೆ ಗೊತ್ತು.

ಅಪ್ಪನಿಗೆ ಹೇಳಿ, ಅವರ ಬೀದಿ ಚೆನ್ನಾಗಿದೆ. ನಾನು ಅದರಲ್ಲೇ ನಡೆಯಲು ಕಲಿತೆ. ಆದರೆ ಅದರಲ್ಲಿ ಒಂದು ಮನೆಯ ಬಾಗಿಲೂ ತೆರೆಯುವುದಿಲ್ಲವಲ್ಲ. ನಮ್ಮ ಫಿಲ್ಮ್ ಕ್ಲಬ್ಬಿಗೆ ಪರದೇಶದ ಚಿತ್ರಗಳ ಡಬ್ಬಿಗಳು ಬರುತ್ತವೆ ಎಂದು ಹೇಳಿದ್ದೆನಲ್ಲ. ಒಂದು ದೇಶದಲ್ಲಿ ಸ್ಟುಡಿಯೊಗಳೇ ಬಾಂಬಿಗೆ ಕುಸಿದವೆಂದು ಬೀದಿಗಿಳಿದರಂತೆ. ಇನ್ನೊಂದು ದೇಶದಲ್ಲಿ ಸ್ಟುಡಿಯೊ ಗಟ್ಟಿಯಾಗಿಯೇ ಇತ್ತು, ಒಳಗಿನ ಗಾಳಿ ಹಳಸಿತೆಂದು ಹೊರಗೆ ಬಂದರಂತೆ. ಒಬ್ಬರಿಗೊಬ್ಬರು ಗುರುತಿಲ್ಲ, ಭಾಷೆ ಗೊತ್ತಿಲ್ಲ. ಆದರೆ ಎಲ್ಲರೂ ಒಂದೇ ಕಿಟಕಿ ತೆಗೆಯುತ್ತಿದ್ದಾರೆ. ನಮ್ಮ ದೇಶದ ಕಿಟಕಿ ಯಾಕೆ ಮುಚ್ಚಿರಬೇಕು, ಹೇಳಿ.

ಇನ್ನೂ ಒಂದು ಡಬ್ಬಿ ಕಳಿಸಿದ್ದೇನೆ. ನಮ್ಮ ಹತ್ತಿರ ಫಿಲ್ಮು ಸ್ವಲ್ಪವೇ ಉಳಿದಿದೆ. ಹಡಗು ಬರುವ ದೃಶ್ಯಗಳಿಗೆ ಹೊಸ ಫಿಲ್ಮು ಬೇಕು, ಯಜಮಾನರಿಗೆ ನೆನಪಿಸಿ.

ಗುಬ್ಬಿ

ಫೆಬ್ರುವರಿ 2

ಪ್ರೀತಿಯ ಗುಬ್ಬಿ,

ನೀನು ಕೇಳಿದೆಯೆಂದು ಎರಡೂ ಡಬ್ಬಿಗಳನ್ನು ಮತ್ತೆ ನೋಡಿದೆ. ಕೊನೆಯವರೆಗೂ ನೋಡಿದೆ. ಪ್ರತಿ ಶಾಟ್‌ನಲ್ಲೂ ಬೋರ್ಡು ಬರುವವರೆಗೆ ಕಣ್ಣು ಮಿಟುಕಿಸಲಿಲ್ಲ.

ಹೊಲಿಗೆಯಕ್ಕ ಒಳ್ಳೆಯ ಹೆಂಗಸು ಎಂದು ನೋಡಿದರೇ ಗೊತ್ತಾಗುತ್ತದೆ. ಬಂದರು ಚೆನ್ನಾಗಿ ಬಂದಿದೆ. ಹಕ್ಕಿಗಳೂ ಚೆನ್ನಾಗಿವೆ. ಮೊದಲ ಚಿತ್ರವೆಂದರೆ ಎಲ್ಲರಿಗೂ ಹೀಗೇ, ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಫಿಲ್ಮಿನ ವಿಷಯ ಯಜಮಾನರಿಗೆ ಹೇಳಿದ್ದೇನೆ, ನೋಡೋಣ ಎಂದಿದ್ದಾರೆ. ಊಟ ಬಿಡಬೇಡ. ಕಾಲಿಗೆ ಉಣ್ಣೆಯ ಚೀಲ ಹೆಣೆದು ಕಳಿಸಿದ್ದೇನೆ.

ಪ್ರೀತಿಯ ಅತ್ತೆ

ಫೆಬ್ರುವರಿ 10

ಅತ್ತೆ,

ಕಾಲುಚೀಲ ಬಂತು. ಬೆಚ್ಚಗಿದೆ.

ನಿಮ್ಮ ಕಾಗದದಲ್ಲಿ ಎರಡು ಸಲ ಪ್ರೀತಿ ಎಂದಿದೆ, ಒಂದೂ ಬೈಗುಳವಿಲ್ಲ. ನೀವು ಬೈದರೆ ಕೆಲಸ ನಡೆಯುತ್ತಿದೆ ಎಂದು ಅರ್ಥ. ನೀವು ಹಕ್ಕಿಗಳನ್ನು ಹೊಗಳಿದ್ದೀರಿ ಎಂದರೆ ಎಲ್ಲ ಮುಗಿಯಿತು ಎಂದು.

ಹಾಗಾದರೆ ನಾನು ಇಲ್ಲಿ ಕಂಡದ್ದು ಫಿಲ್ಮಿಗೆ ಬರಲೇ ಇಲ್ಲ. ಆಸೆಗಣ್ಣಿಗೆ ಕಂಡದ್ದು ಕ್ಯಾಮೆರಾಗೆ ಕಾಣದೆ ಹೋಗಬಹುದು, ನೀವೇ ಹಿಂದೆ ಹೇಳಿದ್ದಿರಿ. ಉಳಿದ ಫಿಲ್ಮನ್ನು ಹಾಗೇ ವಾಪಸು ತರುತ್ತೇನೆ. ಕ್ಯಾಮೆರಾಮನ್ ಅಣ್ಣನಿಗೆ ಇನ್ನೂ ಹೇಳಿಲ್ಲ. ಹೊಲಿಗೆಯಕ್ಕನಿಗೆ ಹೇಗೆ ಹೇಳುವುದೋ ತಿಳಿಯದು. ಇವತ್ತು ಬೆಳಿಗ್ಗೆ ಅವಳು ನನ್ನನ್ನು ನೋಡಿ, "ಯಾಕವ್ವಾ, ನಿನ್ನ ಮುಖದಲ್ಲಿ ಬೆಳಕೇ ಇಲ್ವಲ್ಲ, ಇವತ್ತು ಫೋಟೋ ತೆಗೆಯಲ್ವಾ?" ಎಂದಳು.

ಅಪ್ಪನಿಗೆ ಹೇಳಿ, ಅವರ ಬೀದಿಗೇ ಬರುತ್ತೇನೆ.

ಗುಬ್ಬಿ

ಫೆಬ್ರುವರಿ 11

ಕತ್ತೆ!

ಹೌದು, ನಿನ್ನನ್ನೇ. ನನ್ನನ್ನೂ ಸೇರಿಸಿಕೊ.

ಇವತ್ತು ಮಧ್ಯಾಹ್ನ ಬೇರೆ ಚಿತ್ರದಲ್ಲಿ ಇನ್ನೂ ಬರದ ಶಾಟೊಂದರ ಜಾಗಕ್ಕೆ ಅಂಟಿಸಲು ಒಂದು ಬೇಡದ ತುಂಡು ಬೇಕಿತ್ತು. ಕತ್ತರಿಸಿದ ಬಾಲಗಳನ್ನು ಹಾಕುವ ಬಟ್ಟೆಚೀಲಕ್ಕೆ ಕೈ ಹಾಕಿದೆ. ನಿನ್ನ ಡಬ್ಬಿಯ ಬಾಲವೊಂದು ಕೈಗೆ ಬಂತು. ಎಳೆದೆ. ಬಂತು. ಇನ್ನೂ ಎಳೆದೆ. ಇನ್ನೂ ಬಂತು. ಬೋರ್ಡು ತೋರಿಸಿದ ಮೇಲೆ ಯಾವ ಪುಣ್ಯಾತ್ಮ ಇಷ್ಟುದ್ದ ಕ್ಯಾಮೆರಾ ಓಡಿಸುತ್ತಾನೆ, ನಿಲ್ಲಿಸಲು ಮರೆತನೇ ಎಂದು ಬೈದುಕೊಳ್ಳುತ್ತ ಬೆಳಕಿಗೆ ಹಿಡಿದೆ.

ಅಲ್ಲಿ ಇದ್ದಾಳೆ ಅವಳು!

ಬೋರ್ಡು ಕಂಡ ಕೂಡಲೇ ಕಂಬ ಹೋಗಿ ಹೆಂಗಸಾಗುತ್ತಾಳೆ. ಭುಜ ಇಳಿಯುತ್ತದೆ. ನಿನ್ನ ಕಡೆ ನೋಡಿ ಏನೋ ಬೈಯುತ್ತಾಳೆ, ನಗುತ್ತಾಳೆ. ಕಿಟಕಿಗೆ ಹೋಗಿ ಹಡಗುಕಟ್ಟೆ ನೋಡುತ್ತಾಳೆ, ಆ ನೋಟಕ್ಕೆ ನೀನು ಇಡೀ ಕಥೆ ಬರೆಯಬೇಕಾಗಿಯೇ ಇರಲಿಲ್ಲ. ಇನ್ನೊಂದು ಬಾಲದಲ್ಲಿ ಆ ಕೋಟು! ಅಳು ಎಂದಾಗ ಅಳದವಳು, ಬೋರ್ಡು ತಲೆಕೆಳಗಾದ ಮೇಲೆ ಕೋಟನ್ನು ತಿರುಗಿಸಿ ನೋಡುತ್ತಾಳೆ. ಗುಂಡಿ ಸಡಿಲವಾಗಿದೆ. ಸೂಜಿ ತೆಗೆದು, ದಾರ ಬಾಯಲ್ಲಿ ಕಡಿದು, ಹೊಲಿಯತೊಡಗುತ್ತಾಳೆ. ಹೊಲಿಯುತ್ತ ಹೊಲಿಯುತ್ತ ಒಂದು ಕೈಯನ್ನು ಖಾಲಿ ತೋಳಿನೊಳಗೆ ತೂರಿಸುತ್ತಾಳೆ, ಅಲ್ಲಿ ಯಾರದೋ ಕೈ ಸಿಕ್ಕೀತು ಎನ್ನುವ ಹಾಗೆ. ಆಮೇಲೆ ಅವಳ ಮುಖ. ಅದನ್ನು ಬರೆಯಲು ನನಗೆ ಬರುವುದಿಲ್ಲ. ಇಷ್ಟು ವರ್ಷ ಗ್ಲಿಸರಿನ್ ಕಣ್ಣೀರನ್ನು ಅಳತೆ ಮಾಡಿ ಕತ್ತರಿಸಿದವಳು ನಾನು, ಇವತ್ತು ಸ್ಟೂಲಿನ ಮೇಲೆ ಕೂತು ಸೆರಗಿನಿಂದ ಮೂಗು ಒರೆಸಿಕೊಂಡೆ.

ಕೊನೆ ಎಂದರೆ ಕೊನೆ ಎಂದು ನೀನು ಬರೆದೆ. ನನಗೆ ಬೋರ್ಡೇ ಕೊನೆ. ಅದರಾಚೆಗೆ ನೋಡಬೇಕು ಎಂದು ಯಾರೂ ನನಗೆ ಹೇಳಿಕೊಟ್ಟಿಲ್ಲ. ಹೇಳಬೇಕಾದವಳು ನೀನು ಒಗಟು ಹಾಕಿ ಕೂತೆ. ನಿನಗೆ ನನ್ನ ಮನೆ ವಿಳಾಸ ಗೊತ್ತಿಲ್ಲವೇ? ಇನ್ನು ಮೇಲೆ ಮನೆಗೇ ಬರೆ.

ಈಗ ನಾನು ಮುಚ್ಚಿಟ್ಟದ್ದು. ಈ ತಿಂಗಳ ಕೊನೆಗೆ ಯಜಮಾನರು ನಿನ್ನ ಚಿತ್ರ ಎಷ್ಟಾಗಿದೆಯೋ ಅಷ್ಟನ್ನು ನೋಡುತ್ತಾರೆ. "ಆ ದರ್ಜಿಯಲ್ಲಿ ಜೀವ ಕಂಡ್ರೆ ಹಡಗಿಗೆ ಫಿಲ್ಮ್ ಕೊಡ್ತೀನಿ, ಇಲ್ಲಾಂದ್ರೆ ಗಂಟುಮೂಟೆ ಕಟ್ಕೊಂಡು ಬರ್ಲಿ" ಎಂದಿದ್ದಾರೆ. ನಿನಗೆ ಹೇಳಿದರೆ ಹೆದರಿ ಇನ್ನಷ್ಟು ಕೆಡಿಸುತ್ತೀಯ ಎಂದು ಹಕ್ಕಿಗಳನ್ನು ಹೊಗಳಿದೆ.

ಚೀಲವನ್ನು ನೆಲದ ಮೇಲೆ ಸುರಿದುಕೊಂಡಿದ್ದೇನೆ. ಪೂರ್ತಿ ಮೊದಲಿನಿಂದ ಜೋಡಿಸುತ್ತೇನೆ. ನೀನು ಅಲ್ಲಿಂದ ಒಂದು ಹೆಜ್ಜೆಯೂ ಕದಲಕೂಡದು.

ಅತ್ತೆ

ಫೆಬ್ರುವರಿ 19

ಅತ್ತೆ,

ನಾವು ಮೂಟೆ ಕಟ್ಟಿ ಬಾಗಿಲಲ್ಲಿ ಇಟ್ಟಿದ್ದೆವು. ನನ್ನ ಕಾಗದ ತಲುಪುವ ಮೊದಲೇ ನೀವು ಬರೆದ, "ಕತ್ತೆ" ಎಂದು ಶುರುವಾದ ಕಾಗದ ಕಂಡ ಕೂಡಲೇ ನಾನು ಕುಣಿದೆ. ಒಳಗಿನದು ಓದುವ ಮೊದಲೇ ಕುಣಿದೆ. ಕ್ಯಾಮೆರಾಮನ್ ಅಣ್ಣ ಮೂಟೆ ಬಿಚ್ಚಿದರು.

ಆದರೆ ಒಂದು ವಿಷಯ ನಿಮಗೂ ಗೊತ್ತಿಲ್ಲ. ಬೋರ್ಡು ತೋರಿಸಿದ ಮೇಲೂ ಕ್ಯಾಮೆರಾ ಓಡುತ್ತದೆ ಎಂದು ಹೊಲಿಗೆಯಕ್ಕನಿಗೆ ಹೇಳಿರಲಿಲ್ಲ. ಶೆಡ್ಡಿನ ಯಂತ್ರಗಳ ಗದ್ದಲದಲ್ಲಿ ಕ್ಯಾಮೆರಾದ ಸದ್ದು ಯಾರಿಗೂ ಕೇಳುವುದಿಲ್ಲ. ನಾನು ಅದನ್ನು ಜಾಣತನ ಎಂದುಕೊಂಡಿದ್ದೆ. ನಿಮ್ಮ ಕಾಗದದಲ್ಲಿ ಆ ಖಾಲಿ ತೋಳಿನ ಮಾತು ಓದಿದ ಮೇಲೆ ಜಾಣತನ ಅನ್ನಿಸಲಿಲ್ಲ. ಕ್ಯಾಮೆರಾಮನ್ ಅಣ್ಣನ ಹತ್ತಿರ ಕೇಳಿದೆ. ಅವರು ಲೆನ್ಸು ಒರೆಸುತ್ತ, "ಯುದ್ಧದಲ್ಲಿ ನಾನು ಯಾರನ್ನೂ ಕೇಳ್ಲಿಲ್ಲ. ಸಾಯ್ತಿದ್ದವರನ್ನೂ ಕೇಳ್ಲಿಲ್ಲ. ಇಲ್ಲಾದ್ರೂ ಕೇಳೋಣ" ಎಂದರು. ಇಷ್ಟು ದಿನಗಳಲ್ಲಿ ಅವರು ಆಡಿದ ಅತಿ ಉದ್ದದ ಮಾತು ಅದೇ.

ಕೇಳಿದೆ. ಮೊದಲು ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಯಂತ್ರ ನಿಲ್ಲಿಸಿದಳು. "ಹಂಗಾದ್ರೆ ನಾನು ನಿನ್ನ ಜೊತೆ ಮಾತಾಡ್ತಿದ್ದಾಗ ನೀನು ನನ್ ಜೊತೆ ಮಾತಾಡ್ತಿರ್ಲಿಲ್ಲ" ಎಂದಳು. ಎರಡು ದಿನ ನನ್ನ ಕಡೆ ನೋಡಲಿಲ್ಲ. ಮೂರನೆಯ ದಿನ ಅವಳೇ ಕರೆದಳು. ನಿಮ್ಮ ಕಾಗದದಲ್ಲಿ ಏನೇನು ಬರೆದಿದೆಯೋ ಎಲ್ಲ ಓದಿಸಿ ಕೇಳಿದಳು. ನಕ್ಕದ್ದು ಇರಲಿ ಎಂದಳು. ಬೈದದ್ದು ಇರಲೇಬೇಕು ಎಂದಳು. ಕಿಟಕಿಯದೂ ಇರಲಿ.

"ಆ ಕೋಟಿಂದು ಬೇಡ. ಆಗ ನಾನು ನಿನ್ನ ಕಥೇಲಿರೋ ಹೆಂಗಸಲ್ಲ. ಅದು ನನ್ ಮನೆ ವಿಷ್ಯ" ಎಂದಳು. ಅವಳ ಮನೆಯಲ್ಲಿ ಯಾರು, ಏನು ಎಂದು ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಅತ್ತೆ, ಅದನ್ನು ತೆಗೆದುಬಿಡಿ.

ಗುಬ್ಬಿ

ಫೆಬ್ರುವರಿ 26

ಗುಬ್ಬಿ,

ಮನೆ ಕಟ್ಟಿ ಮುಗಿಯುವ ಹೊತ್ತಿಗೆ ನಡುಗಂಬ ಕೀಳು ಎನ್ನುತ್ತೀಯ. ಏನು ಕೇಳುತ್ತಿದ್ದೀಯ ಎಂದು ಗೊತ್ತೇನೇ ನಿನಗೆ? ಯಜಮಾನರು ಕೂತಲ್ಲಿಂದ ಏಳದ ಹಾಗೆ ಮಾಡುವುದು ಅದೊಂದೇ ಶಾಟ್. ಅದಿಲ್ಲದಿದ್ದರೆ ಚಿತ್ರಕ್ಕೆ ನಗು ಇದೆ, ಕಿಟಕಿ ಇದೆ, ಎದೆಯಿಲ್ಲ. ನಿನಗೆ ಸಿಟ್ಟಿನಲ್ಲೇ ಒಂದು ಕಾಗದ ಬರೆದೆ. ಅಂಚೆಗೆ ಹಾಕಲಿಲ್ಲ. ಅದರಲ್ಲಿ ಇದ್ದದ್ದು ನಿನಗೆ ತಿಳಿಯದಿರುವುದೇ ಒಳ್ಳೆಯದು.

ಮೂರು ದಿನ ಆ ತುಂಡನ್ನು ಮೊಳೆಗೆ ನೇತುಹಾಕಿಕೊಂಡು ಬೇರೆ ಕೆಲಸ ಮಾಡಿದೆ. ಹೋಗುತ್ತ ಬರುತ್ತ ಅದರ ಕಡೆ ನೋಡುತ್ತಿದ್ದೆ. ನಿನ್ನೆ ಕಾಸ್ಟ್ಯೂಮ್ ಮೇಸ್ಟ್ರು ಕೋಟಿನ ವಿಚಾರ ಕೇಳಲು ಬಂದವರು ಅದನ್ನು ನೋಡಲು ಕೈ ಚಾಚಿದರು. ನಾನು ಎದ್ದು ಅಡ್ಡ ನಿಂತೆ. ನೋಡಿದ್ದರೆ ಫಿಲ್ಮೇನು ಸವೆಯುತ್ತಿತ್ತೇ? ಆದರೆ ನಿಂತುಬಿಟ್ಟೆ. ಆಮೇಲೆ ನನಗೇ ತಿಳಿಯಿತು, ಬೇರೆಯವರ ಮನೆಯ ಬಾಗಿಲಿಗೆ ಅಡ್ಡ ನಿಂತಿದ್ದೇನೆ ಎಂದು.

ತೆಗೆದಿದ್ದೇನೆ. ಲ್ಯಾಬಿಗೆ ನಾನೇ ಹೋಗಿ ನೆಗೆಟಿವ್‌ನಿಂದಲೂ ಬಿಡಿಸಿಕೊಂಡು ಬಂದೆ.

ಅಂಟಿಸುವ ಯಂತ್ರ ಕೆಟ್ಟಿದೆ ಎಂದು ಯಜಮಾನರಿಗೆ ಸುಳ್ಳು ಹೇಳಿ ಎರಡು ವಾರ ಗಡುವು ಪಡೆದಿದ್ದೇನೆ. ಉಳಿದಿರುವ ಫಿಲ್ಮಿನಲ್ಲಿ ಏನಾದರೂ ಮಾಡು. ಕದಿಯಬೇಡ ಎಂದು ನಾನು ಹೇಳುವ ಅಗತ್ಯವಿಲ್ಲ. ಕೇಳಿ ಪಡೆದದ್ದರಲ್ಲಿ ಜೀವ ಇರುತ್ತದೋ ಇಲ್ಲವೋ, ನನಗೂ ಗೊತ್ತಿಲ್ಲ.

ಅತ್ತೆ

ಮಾರ್ಚ್ 5

ಅತ್ತೆ,

ಕಡೆಯ ಡಬ್ಬಿ ಕಳಿಸಿದ್ದೇನೆ. ನಮ್ಮ ಹತ್ತಿರ ಇನ್ನು ಒಂದು ಅಡಿ ಫಿಲ್ಮೂ ಇಲ್ಲ.

ಕೋಟಿನ ಶಾಟನ್ನು ಚಿತ್ರದಿಂದ ತೆಗೆದುಹಾಕಿದ್ದಾರೆ, ಲ್ಯಾಬಿನ ನೆಗೆಟಿವ್ ಅನ್ನೂ ಬಿಡಿಸಿಕೊಂಡಿದ್ದಾರೆ ಎಂದು ಹೊಲಿಗೆಯಕ್ಕನಿಗೆ ಹೇಳಿದೆ. "ನಿಮ್ಮತ್ತೆ ನಿಜವಾಗ್ಲೂ ತೆಗೆದ್ರಾ? ಚೆನ್ನಾಗಿದೆ ಅಂದಿದ್ರಲ್ಲ" ಎಂದಳು. ಸೂಜಿಯನ್ನು ಹಾಯಿಗೆ ಚುಚ್ಚಿಟ್ಟು, "ಹಂಗಾದ್ರೆ ಅದರ ಜಾಗಕ್ಕೆ ನಾನೇ ಒಂದು ಕೊಡ್ತೀನಿ" ಎಂದಳು. ಏನು ಮಾಡುತ್ತೀಯ ಎಂದರೆ ಹೇಳಲಿಲ್ಲ. "ನೀನು ಹೇಳ್ಕೊಡಬೇಡ. ನೀನು ಹೇಳ್ಕೊಟ್ರೆ ನಾನು ಕಂಬ ಆಗ್ತೀನಂತೆ" ಎಂದು ನಿಮ್ಮ ಮಾತನ್ನೇ ನನಗೆ ತಿರುಗಿಸಿದಳು. ಆ ಸಾಲನ್ನೂ ಓದಿ ಹೇಳಿದ್ದು ನನ್ನದೇ ತಪ್ಪು.

ಇಡೀ ದಿನ ಹಿಡಿಯುವ ಕೆಲಸ ಎಂದಳು. ನಮ್ಮ ಫಿಲ್ಮು ಇಡೀ ದಿನಕ್ಕೆ ಎಲ್ಲಿ ಸಾಲುತ್ತದೆ? ಕ್ಯಾಮೆರಾಮನ್ ಅಣ್ಣ ಮೊದಲ ಬಾರಿ ಕ್ಯಾಮೆರಾವನ್ನು ಹೆಗಲಿನಿಂದ ಇಳಿಸಿ, ಮಡಿಸಿಟ್ಟ ಹಾಯಿಯ ರಾಶಿಯ ಮೇಲೆ ಇಟ್ಟರು. ಆಗಾಗ ಸ್ವಲ್ಪ ಓಡಿಸಿ ನಿಲ್ಲಿಸಿದರು. ಆದ್ದರಿಂದ ಅದು ತುಂಡು ತುಂಡಾಗಿದೆ. ನಡುವೆ ಹಾಕಲು ಬೇರೆ ಶಾಟ್ ಒಂದೂ ಇಲ್ಲ, ಜೋಡಿಸಿದರೆ ನಡುವಿನ ಹೊತ್ತು ಕಾಣದೆ ಚಿತ್ರ ಎಗರುತ್ತದೆ, ನಿಮಗೆ ಮೈ ಉರಿಯುತ್ತದೆ. ಕ್ಷಮಿಸಿ.

ಕೋಟಿನ ಬಗ್ಗೆ ಕಾಸ್ಟ್ಯೂಮ್ ಮೇಸ್ಟ್ರಿಗೆ ಈಗಲೇ ಏನೂ ಹೇಳಬೇಡಿ.

ಗುಬ್ಬಿ

ಮಾರ್ಚ್ 15

ನನ್ನ ಗುಬ್ಬೀ,

ನೀನು ಅಲ್ಲೇ ಇದ್ದೆ, ಆದರೆ ಪರದೆಯ ಮೇಲೆ ನೋಡಿಲ್ಲ. ಅದಕ್ಕೇ ಎಲ್ಲ ಹೇಳುತ್ತೇನೆ, ಅವಸರ ಮಾಡಬೇಡ.

ಮೊದಲು ನಿನ್ನ ಕೈ ಬರುತ್ತದೆ, ಬೋರ್ಡು ಹಿಡಿದು. ಆಮೇಲೆ ಅವಳ ಕೈ ಬಂದು ಅದನ್ನು ಕಸಿದುಕೊಳ್ಳುತ್ತದೆ. ಅವಳೇ ಅದನ್ನು ತಲೆಕೆಳಗೆ ಮಾಡಿ ನಮಗೆ ತೋರಿಸುತ್ತಾಳೆ. ಮೇಜಿನ ಮೇಲೆ ಮಗುಚಿ ಇಡುತ್ತಾಳೆ. ಇಷ್ಟು ವರ್ಷಗಳ ಅಭ್ಯಾಸ ನೋಡು, ನನ್ನ ಕೈ ತಾನಾಗಿ ಕತ್ತರಿಯ ಕಡೆ ಹೋಯಿತು. ಆ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನೋಡಿದೆ.

ಅವಳು ಕೋಟನ್ನು ಮೇಜಿನ ಮೇಲೆ ಹಾಸುತ್ತಾಳೆ. ಹೊಲಿಗೆ ಬಿಚ್ಚುತ್ತಾಳೆ. ಒಂದು ತುಂಡು ಫಿಲ್ಮು ಮುಗಿಯಿತು. ಮುಂದಿನದರಲ್ಲಿ ಅದೇ ಮೇಜು, ಅದೇ ಬೆಳಕು, ತೋಳು ಕೋಟಿನಿಂದ ಬೇರೆಯಾಗಿದೆ. ಮುಂದಿನದರಲ್ಲಿ ಕೋಟೇ ಇಲ್ಲ, ಬರೀ ಬಟ್ಟೆ. ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾಳೆ, ಕತ್ತರಿ ಹಾಕುತ್ತಾಳೆ. ಅವಳ ಕತ್ತರಿ ನನ್ನ ಕತ್ತರಿಗಿಂತ ದೊಡ್ಡದು, ಕೈ ನನ್ನ ಹಾಗೆಯೇ ಓಡುತ್ತದೆ. ಮುಂದೆ ಹೊಲಿಯುತ್ತಿದ್ದಾಳೆ. ಕಿಟಕಿಯ ಬಿಸಿಲು ಗೋಡೆಗೆ ಹತ್ತಿದೆ. ಕೊನೆಯ ತುಂಡಿನಲ್ಲಿ ಗಂಡನ ಕೋಟು ಅವಳ ಅಳತೆಗೆ ಇಳಿದಿದೆ. ಅದನ್ನು ತೊಡುತ್ತಾಳೆ. ಗುಂಡಿ ಹಾಕಿಕೊಂಡು ನೇರ ಕ್ಯಾಮೆರಾ ನೋಡುತ್ತಾಳೆ. ನಮ್ಮ ಸ್ಟುಡಿಯೊದಲ್ಲಿ ಅದಕ್ಕಿಂತ ದೊಡ್ಡ ಪಾಪವಿಲ್ಲ. ನೋಡಿ, ಬಾಗಿಲು ತೆಗೆದು ಆ ಬೆಳ್ಳಗಿನ ಬಿಸಿಲಿಗೆ ನಡೆದುಹೋಗುತ್ತಾಳೆ. ನಿನ್ನ ಬಿಸಿಲಿಗೆ ನಾನು ಬೈದದ್ದನ್ನೆಲ್ಲ ವಾಪಸು ತೆಗೆದುಕೊಂಡೆ.

ತುಂಡುಗಳ ನಡುವೆ ಕತ್ತಲು ಮಾಡಿ ಮೃದುವಾಗಿ ಕೂಡಿಸಬಹುದಿತ್ತು. ಗಡಿಯಾರವನ್ನೋ ನಿನ್ನ ಹಕ್ಕಿಗಳನ್ನೋ ಹಾಕಬಹುದಿತ್ತು. ಹಾಕಿ ನೋಡಿದೆ, ಸುಳ್ಳಾಯಿತು. ಎಲ್ಲ ಕಿತ್ತೆಸೆದು ತುಂಡಿಗೆ ತುಂಡು ಹಾಗೇ ಅಂಟಿಸಿದೆ. ಎಗರುತ್ತದೆ. ಎಗರಲಿ ಬಿಡು. ಅವಳ ದಿನವೇ ಹಾಗೆ ಎಗರಿದೆ, ಅದನ್ನು ಮುಚ್ಚಲು ನಾನ್ಯಾರು?

ನಿನ್ನೆ ಯಜಮಾನರು ನೋಡಿದರು. ನಾನು ಯಂತ್ರದ ಪಕ್ಕ ನಿಂತಿದ್ದೆ, ನಿನ್ನಪ್ಪ ಬಾಗಿಲಲ್ಲಿ. ಕಾಸ್ಟ್ಯೂಮ್ ಮೇಸ್ಟ್ರು ಕರೆಯದೆಯೇ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಅವಳು ನಿನಗೆ ಬೈಯುವ ಕಡೆ ಯಜಮಾನರು ಗೊಳ್ಳೆಂದು ನಕ್ಕರು. ನನಗೆ ಸ್ವಲ್ಪ ಧೈರ್ಯ ಬಂತು. ಕೋಟು ಬಂದಾಗ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

"ಏನ್ರೀ ಇದು, ಎಗರ್ತಿದೆಯಲ್ಲ. ಮೆಷಿನ್ ಕೆಟ್ಟಿದ್ಯಾ?"

"ಮೆಷಿನ್ ಸರಿಯಾಗಿದೆ. ನಾನೇ ಎಗರಿಸಿದೀನಿ."

"ನೀವಾ?"

ಅವರು ನನ್ನ ಮುಖ ನೋಡಿದ ರೀತಿ ನೀನು ನೋಡಬೇಕಿತ್ತು. ಅಷ್ಟರಲ್ಲಿ ಪರದೆಯ ಮೇಲೆ ಅವಳು ತಲೆಯೆತ್ತಿದಳು. ಯಜಮಾನರು ಹಿಂದಕ್ಕೆ ಸರಿದರು.

"ನನ್ನನ್ನೇ ನೋಡ್ತಿದಾಳಲ್ರೀ. ನಾನೇನು ಮಾಡಿದೆ ಇವಳಿಗೆ?"

ಚಿತ್ರದಲ್ಲಿ ಬಾಗಿಲು ತೆರೆಯಿತು, ಪರದೆ ಬೆಳ್ಳಗಾಯಿತು, ದೀಪ ಹತ್ತಿತು. ಅವರು ಏಳಲಿಲ್ಲ. "ಇನ್ನೊಂದ್ಸಲ ಹಾಕಿ" ಎಂದರು. ಮತ್ತೆ ನೋಡಿದ ಮೇಲೆ, "ಹಡಗಿಗೆ ಎಷ್ಟು ಫಿಲ್ಮ್ ಬೇಕಂತೆ?" ಎಂದು ಕೇಳಿ, ಹೊರಡುವಾಗ ಏನೋ ನೆನಪಾಗಿ ತಿರುಗಿದರು. "ಆ ಕೋಟು ನಮ್ದಲ್ವಾ?"

ನಾನು ಕಣ್ಣು ಮುಚ್ಚಿಕೊಂಡೆ. ಹಿಂದಿನ ಸಾಲಿನಿಂದ ಮೇಸ್ಟ್ರು, "ಆಗಿತ್ತು. ಈಗ ಅವರದ್ದು. ಹೊಲಿಗೆ ನೋಡಿದ್ರಲ್ಲ" ಎಂದರು. ಇಷ್ಟು ದಿನ ನನ್ನ ಜೀವ ತಿಂದ ಮನುಷ್ಯ!

ಫಿಲ್ಮು ನಾಳೆಯ ರೈಲಿಗೆ ಬರುತ್ತದೆ. ಈ ವಾರ ಇಬ್ಬರು ಹುಡುಗಿಯರು, ಒಬ್ಬ ಹುಡುಗ ತಮ್ಮ ಡಬ್ಬಿ ಹಿಡಿದು ನನ್ನ ರೂಮಿಗೆ ಬಂದಿದ್ದರು. ಎಲ್ಲರೂ ಬೀದಿಯಲ್ಲಿ ತೆಗೆದವರೇ, ಎಲ್ಲರದ್ದೂ ನಡುಗುತ್ತದೆ. ಬಾಲ ಕತ್ತರಿಸುವ ಮೊದಲು ಪೂರ್ತಿ ನೋಡಿದೆ. ನಿನ್ನಪ್ಪ ತನ್ನ ಬೀದಿಯ ಒಂದು ಮನೆಗೆ ಕೀಲು ಹಾಕಿ ಬಾಗಿಲು ತೆರೆಯುವ ಹಾಗೆ ಮಾಡುತ್ತಿದ್ದಾನೆ. ಆಚೆಗೆ ಏನು ಕಾಣಬೇಕು ಎಂದು ಇನ್ನೂ ಗೊತ್ತಿಲ್ಲವಂತೆ.

ಇದರ ಜೊತೆ ಒಂದು ಪುಟ್ಟ ತಗಡಿನ ಡಬ್ಬಿಯಿದೆ. ಹೊಲಿಗೆಯಕ್ಕ ಬೇಡ ಎಂದ ಶಾಟ್, ಅದರ ನೆಗೆಟಿವ್, ಎರಡೂ ಅದರಲ್ಲಿವೆ. ನನ್ನ ಹತ್ತಿರ ಬೇರೆ ಪ್ರತಿಯಿಲ್ಲ. ಅದು ಅವಳದ್ದು, ಅವಳ ಕೈಗೇ ಕೊಡು. ಫಿಲ್ಮು ಭಗ್ಗನೆ ಹತ್ತಿಕೊಳ್ಳುತ್ತದೆ, ಬೆಂಕಿಯ ಹತ್ತಿರ ಇಡಬಾರದು ಎಂದು ತಪ್ಪದೆ ಹೇಳು.

ಅತ್ತೆ

ಮಾರ್ಚ್ 23

ಅತ್ತೆ,

ಫಿಲ್ಮು ಬಂತು. ಕಾಗದವನ್ನು ಶೆಡ್ಡಿನಲ್ಲಿ ಎಲ್ಲರೂ ಯಂತ್ರ ನಿಲ್ಲಿಸಿ ಕೇಳಿದರು. "ನಾನೇನು ಮಾಡಿದೆ ಇವಳಿಗೆ" ಎನ್ನುವ ಮಾತನ್ನು ನಾಲ್ಕು ಸಲ ಓದಿಸಿಕೊಂಡರು. ಕ್ಯಾಮೆರಾಮನ್ ಅಣ್ಣ ನಿಮಗೆ ಒಂದು ಮಾತು ಬರೆಯಲು ಹೇಳಿದ್ದಾರೆ: ಜ್ವರ ಬಿಟ್ಟಿದೆಯಂತೆ.

ಆಮೇಲೆ ತಗಡಿನ ಡಬ್ಬಿಯನ್ನು ಹೊಲಿಗೆಯಕ್ಕನಿಗೆ ಕೊಟ್ಟೆ. ಏನು ಎಂದು ಹೇಳಿದೆ, ಬೆಂಕಿಯ ಮಾತೂ ಹೇಳಿದೆ. ಅವಳು ಒಬ್ಬಳೇ ಕಿಟಕಿಯ ಹತ್ತಿರ ಹೋಗಿ ಫಿಲ್ಮನ್ನು ಬಿಸಿಲಿಗೆ ಹಿಡಿದಳು. ತುಂಬ ಹೊತ್ತು ನೋಡಿದಳು. ಒಂದೊಂದು ಚೌಕದಲ್ಲೂ ಬೆರಳುಗುರಿನಷ್ಟು ಅವಳು, ಕೈಯಲ್ಲಿ ಕೋಟು. "ಇಷ್ಟೊಂದು ನಾನಾ?" ಎಂದಳು. ನಾನು ಹತ್ತಿರ ಹೋಗಲಿಲ್ಲ. ಅವಳ ಬೆನ್ನು ಅಲುಗುತ್ತಿತ್ತು. ನಮ್ಮ ಯಾರ ಹತ್ತಿರವೂ ಆಗ ಕ್ಯಾಮೆರಾ ಇರಲಿಲ್ಲ, ಇದ್ದಿದ್ದರೂ ಎತ್ತುತ್ತಿರಲಿಲ್ಲ.

ಕೊನೆಗೆ ಅವಳು ಫಿಲ್ಮನ್ನು ದಾರದುಂಡೆಯ ಹಾಗೆ ಅಚ್ಚುಕಟ್ಟಾಗಿ ಸುತ್ತಿದಳು. ಕೋಟು ತೊಟ್ಟೇ ಇದ್ದಳು. ಒಳಗಡೆ, ಎದೆಯ ಹತ್ತಿರ, ತಾನೇ ಹೊಲಿದ ಜೇಬಿಗೆ ಅದನ್ನು ಇಳಿಬಿಟ್ಟಳು. ಮುಖ ಒರೆಸಿಕೊಂಡು, ಮೇಜಿನ ಮೇಲಿದ್ದ ಬೋರ್ಡನ್ನು ಎತ್ತಿ ನನ್ನ ಕೈಗೆ ಕೊಟ್ಟು, ಗುಂಡಿ ಹಾಕಿಕೊಂಡಳು.

"ನಡೀರಿ, ಹಡಗು ಬರೋ ಹೊತ್ತಾಯ್ತು. ಬೆಳಕು ಹೋಗ್ಬಿಡತ್ತೆ" ಎಂದಳು.

ಗುಬ್ಬಿ